ಮಾವ ಬಲಗಾಲಿಗೆ ರಜೆ ಕೊಟ್ಟದ್ದು

ಸಿಂಧನೂರಿನಲ್ಲಿ ಇಡೀ ಮನೆಯ ಬಲಗಾಲಿಗೆ ರಜೆ ಕೊಟ್ಟ ಮಹಾನುಭಾವ ಯಾರಾದರೂ ಇದ್ದರೆ ಅದು ನಮ್ಮ ಸೋದರಮಾವ ಒಬ್ಬನೇ! ಗೊಬ್ಬರದ ಅಂಗಡಿ ಇಟ್ಟಿದ್ದಾನೆ, ಹಣೆ ತುಂಬ ವಿಭೂತಿ ಬಳಿಯುತ್ತಾನೆ, ವ್ಯವಹಾರದಲ್ಲಿ ಪಕ್ಕಾ. ನೋಡಿದವರು ತಲೆ ನೆಟ್ಟಗಿದೆ ಎಂದೇ ತಿಳಿಯುತ್ತಾರೆ. ಅವನೆದುರು ಫುಟ್‌ಬಾಲ್ ಎಂದು ಒಮ್ಮೆ ಹೇಳಿ ನೋಡಿ!

ಫುಟ್‌ಬಾಲಿಗೂ ಯೂರಿಯಾಕ್ಕೂ ಏನು ಸಂಬಂಧ ಎನ್ನುತ್ತೀರಾ? ಸಂಬಂಧ ಮಾವನ ಮಗಳು ಗೌರಿ. ಊರಿನ ಕ್ಲಬ್ಬಿನ ಬಿ ಟೀಮಿನಲ್ಲಿ ಅವಳೂ ಬಂಗಾಳದ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಹುಡುಗಿ ಝುಮಾಳೂ ಜೋಡಿ. ಒಂದೇ ಬಾಟಲಿಯ ನೀರು, ಒಂದೇ ಪೊಟ್ಟಣದ ಮಂಡಕ್ಕಿ. ಹೋದ ವರ್ಷ ಕೋಚ್ ಝುಮಾಳನ್ನು ಎ ಟೀಮಿಗೆ ಏರಿಸಿದರು, ಗೌರಿ ಬಿಯಲ್ಲೇ ಉಳಿದಳು. ಎ ಟೀಮಿನ ಅಭ್ಯಾಸದ ದಿನವೇ ಬೇರೆ. ರಜೆಯಲ್ಲಿ ಕ್ಯಾಂಪಿಗೆ ಹೋದರೆ ಝುಮಾ ಪಂದ್ಯಕ್ಕೆಂದು ಊರೂರು ತಿರುಗುತ್ತಿರುತ್ತಾಳೆ. ಅರಳು ಹುರಿದಂತೆ ಮಾತನಾಡುತ್ತಿದ್ದ ಗೌರಿ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರತೊಡಗಿದಳು.

ಮಾವ ತಡೆದುಕೊಂಡಾನೆಯೇ? ಮೊದಲು ಲಿಂಗಸುಗೂರಿನ ಕ್ಲಬ್ಬಿಗೆ ಕರೆದೊಯ್ದ. ಅಲ್ಲಿ ಆಡುವವರಿಗಿಂತ ಅಂಗಿಗಳೇ ಹೆಚ್ಚು; ಕಾಲಿಟ್ಟ ದಿನವೇ ಎ ಟೀಮ್! ಮಾವ ಪೇಢೆ ಹಂಚಿ ಮುಗಿಸುವಷ್ಟರಲ್ಲಿ ಗೌರಿ ಬೂಟು ಬಿಚ್ಚಿ ನಿಂತಿದ್ದಳು.

“ಯಾಕವ್ವಾ? ಎ ಟೀಮ್ ಬೇಕಂದಿದ್ದಿಲ್ಲೇನ?”

“ಇಲ್ಲಿ ಝುಮಾ ಇಲ್ಲಲ್ಲಪ್ಪಾ.”

ಉಳಿದ ಪೇಢೆಯನ್ನು ಬಸ್ಸಿನ ಕಂಡಕ್ಟರಿಗೆ ತಿನ್ನಿಸಿ ಇಬ್ಬರೂ ವಾಪಸ್ ಬಂದರು.

ಮರುದಿನ ಮಾವ ಸಿಂಧನೂರಿನ ಕೋಚ್ ಮುಂದೆ ಹಾಜರು.

“ಸಾಹೇಬ್ರ, ನನ್ನ ಮಗಳಿಗೆ ಏನು ಕಮ್ಮಿ ಐತಿ, ಹೇಳಿಬಿಡ್ರಿ.”

“ಕಮ್ಮಿ ಏನಿಲ್ರಿ. ಎ ಟೀಮಿನ್ಯಾಗ ಎಡಗಾಲಿಲೆ ಆಡೋರು ಬೇಕಾಗ್ಯಾರ. ಈಕಿ ಬಲಗಾಲಿನಾಕಿ.”

ಅಷ್ಟೇ ಸಾಕಾಯಿತು! ಅಂದಿನಿಂದ ಮಾವನ ಮನೆಯಲ್ಲಿ ಮೆಟ್ಟಿಲು ಹತ್ತುವುದು, ಚಪ್ಪಲಿ ಹಾಕುವುದು, ಹೊಸ್ತಿಲು ದಾಟುವುದು ಎಲ್ಲವೂ ಎಡಗಾಲಿನಿಂದ. ಮಗಳೊಬ್ಬಳಿಗೇ ಬೇಸರವಾದೀತೆಂದು ತಾನೂ ಹಾಗೆಯೇ. ಸೊಸೆಯಂದಿರನ್ನೆಲ್ಲ ಬಲಗಾಲಿಡಿಸಿ ಮನೆ ತುಂಬಿಸಿಕೊಂಡಿದ್ದ ನಮ್ಮ ಅಜ್ಜಿ ಎದೆ ಹಿಡಿದುಕೊಂಡಳು.

“ಲೇ, ಎಡಗಾಲಿಟ್ಟು ಬಂದ್ರ ಲಕ್ಷ್ಮಿ ಮನಿಯಾಗ ಇರ್ತಾಳೇನಲೇ?”

“ಇರ್ಲಿ ಬಿಡು ಬೇ. ಲಕ್ಷ್ಮಿ ಹೋದ್ರ ತಿರುಗಿ ಬರ್ತಾಳ. ನನ್ನ ಮಗಳ ನಗು ಹೋಗೈತಿ, ಅದನ್ನ ಯಾರು ತರ್ತಾರ?”

ಅಜ್ಜಿ ಸುಮ್ಮನಾದಳೆಂದುಕೊಂಡಿರಾ? ಅಪ್ಪ ಮಗಳು ದಾಟಿದಾಗಲೆಲ್ಲ ಹೊಸ್ತಿಲಿಗೆ ಅರಿಶಿಣ ಹಚ್ಚಿ ಕ್ಷಮೆ ಕೇಳತೊಡಗಿದಳು.

ಅಂಗಡಿಯೂ ಮೈದಾನವಾಯಿತು. ಎರಡು ಕಡೆ ಪೇರಿಸಿದ ಚೀಲಗಳೇ ಗೋಲು ಕಂಬ. ಗೊಬ್ಬರಕ್ಕೆ ಬಂದ ಪಕ್ಕದ ಹಳ್ಳಿ ಮುಕ್ಕುಂದದ ರೈತರೇ ಗೋಲ್‌ಕೀಪರ್‌ಗಳು! ಗೌರಿ ಎಡಗಾಲಿನಿಂದ ಒದ್ದರೆ ಚೆಂಡು ರಸ್ತೆ ದಾಟಿ ಹೋಟೆಲಿನ ಮಿರ್ಚಿ ಬಜಿಯ ಬುಟ್ಟಿಗೆ ಬೀಳುತ್ತಿತ್ತು. ‘ಹಿಂಗಲ್ಲ, ಹಿಂಗ’ ಎಂದು ತೋರಿಸಲು ಹೋದ ಮಾವ ಯೂರಿಯಾ ಚೀಲದ ಮೇಲೆ ಅಂಗಾತ ಬೀಳುತ್ತಿದ್ದ. ನಾನು ನಮ್ಮೂರು ಮಸ್ಕಿಯಿಂದ ನೋಡಲು ಹೋದ ದಿನ ರೈತನೊಬ್ಬ ಕೈಮುಗಿದೇಬಿಟ್ಟ:

“ಸಾವ್ಕಾರ್ರ, ಮೊದ್ಲ ಗೊಬ್ಬರ ಕೊಡ್ರಿ. ಆಮ್ಯಾಲ ಎಷ್ಟಾರ ಹೊಡಿರಿ, ಹಿಡಿತೀನಿ!”

ನಗಬೇಡಿ. ಭತ್ತ ತೆನೆಗಟ್ಟುವ ಹೊತ್ತಿಗೆ ಆ ಎಡಗಾಲು ಹೇಳಿದ ಮಾತು ಕೇಳತೊಡಗಿತ್ತು. ಆಯ್ಕೆಯ ದಿನ ಮಾವ ನನ್ನನ್ನೂ ಕರೆಸಿಕೊಂಡ. ಗೌರಿ ಎಡಬದಿಯಲ್ಲಿ ಓಡಿ ಬಂದು ಹೊಡೆದ ಚೆಂಡು ಸೀದಾ ಬಲೆಯೊಳಗೆ! ಕೋಚ್ ಎ ಟೀಮಿನ ಹೆಸರು ಕೂಗಿದಾಗ ಅವಳ ಹೆಸರೂ ಬಂತು. ಮಾವ ಕುಣಿದ ಕುಣಿತಕ್ಕೆ ಧೋತರ ಸಡಿಲಾದದ್ದೂ ಅವನಿಗೆ ತಿಳಿಯಲಿಲ್ಲ.

ಗೌರಿ ಮಾತ್ರ ಎ ಟೀಮಿನ ಹುಡುಗಿಯರ ನಡುವೆ ಹುಡುಕುತ್ತಿದ್ದಳು.

“ಸರ್, ಝುಮಾ ಎಲ್ಲಿ?”

“ಗೊತ್ತಿಲ್ಲೇನವಾ? ಆಕಿ ಕ್ರೀಡಾ ಹಾಸ್ಟೆಲಿಗೆ ಆಯ್ಕೆ ಆಗ್ಯಾಳ. ಇನ್ನ ಅಲ್ಲೇ ಇರೋದು, ಅಲ್ಲೇ ಓದೋದು. ನಿನ್ನೆ ಹೋದ್ಲು. ಆಕಿ ಜಾಗಕ್ಕ ನೀ ಬಂದೀಯಲ್ಲ.”

ಗೌರಿ ಹೊಸ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಅಲ್ಲೇ ಮಣ್ಣಿನ ಮೇಲೆ ಕುಳಿತು ಅತ್ತಳು. ಇಷ್ಟು ದಿನ ಆ ಕಾಲು ಓಡಿದ್ದೆಲ್ಲ ಒಬ್ಬಳ ಪಕ್ಕದಲ್ಲಿ ನಿಲ್ಲುವುದಕ್ಕಾಗಿ, ಅವಳೇ ಇಲ್ಲ!

ಮಾವನ ಕುಣಿತ ನಿಂತಿತು. ಬಂದು ಮಗಳ ಪಕ್ಕದಲ್ಲಿ ಕುಳಿತು ಅವಳ ಕೈ ಹಿಡಿದುಕೊಂಡ. ಗೌರಿ ಒಂದು ರಾತ್ರಿ ಮಸ್ಕಿಯ ನಮ್ಮ ಮನೆಯಲ್ಲಿ ಉಳಿದರೆ ಬೆಳಗಾಗುವ ಮೊದಲೇ ಬಂದು ಬಾಗಿಲು ಬಡಿಯುವ ಮನುಷ್ಯ ಅವನು. ಅವಳಿಲ್ಲದೆ ಅವನಿಗೆ ತುತ್ತು ಇಳಿಯುವುದಿಲ್ಲ. ಇನ್ನೊಂದು ಕೈಯಿಂದ ಅವಳ ಬೂಟಿನ ಮಣ್ಣು ಒರೆಸಿದ. ಆಮೇಲೆ ಕೋಚ್ ಕಡೆ ತಲೆ ಎತ್ತಿ ನೋಡಿದ.

“ಸಾಹೇಬ್ರ, ಆ ಹಾಸ್ಟೆಲಿಗೆ ಹೋಗಬೇಕಂದ್ರ ಯಾವ ಕಾಲು ಬೇಕ್ರಿ?”

ಹಾಗೆ ಕೇಳುವಾಗಲೂ ಅವನು ಅವಳ ಕೈ ಬಿಟ್ಟಿರಲಿಲ್ಲ.