ಸ್ನೋಬೋರ್ಡ್ ಮಹಾಶಯರಿಗೆ, ಹೈರಿಡ್ಜ್ ಫ್ಲ್ಯಾಟಿನ ಒಂದೇ ಗೋಡೆಯ ವಿಷಯವಾಗಿ

ಮಾನ್ಯರೇ,

ನೈರೋಬಿಯ ಸೌತ್ ಸಿ ಬಡಾವಣೆಯ ನಮ್ಮ ಬಾಡಿಗೆ ಮನೆಯಲ್ಲಿ, ಊಟದ ಕೋಣೆಯ ತಂಪು ಮೂಲೆಯಲ್ಲಿ, ಹಳೆಯ ಹತ್ತಿಯ ಬೆಡ್‌ಶೀಟ್ ಹೊದ್ದು ಸುಖವಾಗಿ ಒರಗಿರುವ ತಮ್ಮ ಪಾದಗಳಿಗೆ (ತಮಗೆ ಪಾದಗಳಿಲ್ಲ, ಪಾದ ಬಿಗಿಯುವ ಪಟ್ಟಿಗಳು ಮಾತ್ರ ಇವೆಯೆಂದು ಬಲ್ಲೆ) ಈ ಮನೆಯ ಗೃಹಿಣಿಯ ನಮಸ್ಕಾರಗಳು. ತಾವು ಕ್ಷೇಮವೇ ಎಂದು ಕೇಳುವುದು ವಾಡಿಕೆ. ತಮ್ಮ ಕ್ಷೇಮವನ್ನು ನಾನು ದಿನವೂ ಕಣ್ಣಾರೆ ಕಾಣುತ್ತಿರುವುದರಿಂದ ಆ ಪ್ರಶ್ನೆಯನ್ನು ಬಿಟ್ಟಿದ್ದೇನೆ. ಒಂದೇ ಸೂರಿನಡಿ ಇದ್ದುಕೊಂಡು ಪತ್ರವೇಕೆ, ಅದನ್ನು ನಮ್ಮ ಕನ್ನಡ ಬಳಗದ ದೀಪಾವಳಿ ಸಂಚಿಕೆಯಲ್ಲಿ ಅಚ್ಚು ಹಾಕಿಸುವುದೇಕೆ ಎಂದು ತಮಗೆ ಅನ್ನಿಸಬಹುದು. ಮನೆಯಲ್ಲಿ ನಾನು ಆಡಿದ ಮಾತು ತಮ್ಮ ಯಜಮಾನರ ಕಿವಿಗೆ ಬೀಳುವುದಿಲ್ಲ. ಅಚ್ಚಾದದ್ದನ್ನು ಅವರು ಓದುತ್ತಾರೆ. ಅದರಲ್ಲಿ ತಮ್ಮ ಹೆಸರಿದ್ದರಂತೂ ಎರಡು ಸಲ ಓದುತ್ತಾರೆ.

ವಿಷಯ ಇಷ್ಟೇ. ಮಾಲೀಕರು ಈ ಮನೆಯನ್ನು ಮಾರಿದ್ದಾರೆ, ಬರುವ ತಿಂಗಳ ಕೊನೆಗೆ ನಾವು ಹೈರಿಡ್ಜ್‌ನ ಒಂದು ಚಿಕ್ಕ ಫ್ಲ್ಯಾಟಿಗೆ ಹೋಗುತ್ತಿದ್ದೇವೆ. ಅಲ್ಲಿ ಎತ್ತ ನೋಡಿದರೂ ಕಿಟಕಿ, ಬಾಗಿಲು, ಬಟ್ಟೆಯ ಕಪಾಟು. ಬರಿದಾಗಿ ಉಳಿದಿರುವುದು ಹಾಲ್‌ನ ಒಂದೇ ಒಂದು ಗೋಡೆ. ಅದಕ್ಕೆ ಪುಸ್ತಕದ ಶೆಲ್ಫ್ ಹಾಕಿಸಬೇಕೆಂಬುದು ನನ್ನ ಆಸೆ. ಮೈಸೂರಿನಲ್ಲಿ ಎಂ.ಎ. ಓದುವ ಕಾಲದಿಂದ ಒಂದೊಂದಾಗಿ ಕೂಡಿಟ್ಟು, ಮದುವೆಯಾಗಿ ಬರುವಾಗ ಸೀರೆಗಳನ್ನು ಕಡಿಮೆ ಮಾಡಿ ಪೆಟ್ಟಿಗೆಗೆ ತುಂಬಿಕೊಂಡು ಬಂದ ಕವನ ಸಂಗ್ರಹಗಳು ಇಷ್ಟು ದಿನ ಈ ಮನೆಯ ಗೋಡೆಗೂಡಿನಲ್ಲಿದ್ದವು. ಗೋಡೆಗೂಡು ಮನೆಯ ಜೊತೆಗೇ ಮಾರಾಟವಾಯಿತು. ಆದರೆ ತಮ್ಮ ಯಜಮಾನರೂ ನನ್ನ ಗಂಡನೂ ಆದ ಚಿದಾನಂದ ಅವರು ಅಳತೆ ಪಟ್ಟಿ ಹಿಡಿದುಕೊಂಡು ಫ್ಲ್ಯಾಟಿಗೆ ಹೋಗಿ ಬಂದು, ಬಿಸಿಲು ಬೀಳದ, ಒಲೆಯ ಶಾಖ ತಾಗದ ಗೋಡೆ ಅದೊಂದೇ ಆದ್ದರಿಂದ ಅದು ತಮಗೇ ಮೀಸಲು ಎಂದು ಘೋಷಿಸಿದ್ದಾರೆ. "ಪುಸ್ತಕ ಬಾಕ್ಸಲ್ಲೂ ಇರತ್ತೆ ಕಣೇ, ಬೋರ್ಡ್ ಬೆಂಡಾಗ್ಬಿಟ್ರೆ ಏನ್ ಮಾಡೋದು?" ಎಂಬುದು ಅವರ ವಾದ. ಪುಸ್ತಕ ಬಾಕ್ಸಿನಲ್ಲಿ ಇರುತ್ತದೆ, ನಿಜ. ಅಕ್ಕಿಯೂ ಮೂಟೆಯಲ್ಲಿ ಇರುತ್ತದೆ, ಹಾಗೆಂದು ಯಾರೂ ಎಲೆಗೆ ಮೂಟೆಯನ್ನೇ ಬಡಿಸುವುದಿಲ್ಲ. ಆ ಗೋಡೆಯನ್ನು ತಾವೇ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಡಬೇಕೆಂದು ಪ್ರಾರ್ಥಿಸುವುದಕ್ಕಾಗಿ ಈ ಪತ್ರ.

ತಮ್ಮ ಪೂರ್ವೋತ್ತರ ತಿಳಿಯದ ಓದುಗರಿಗಾಗಿ ಒಂದೆರಡು ಮಾತು. ತಾವು ಬೆಟ್ಟದ ಹಿಮದ ಮೇಲೆ ನಿಂತು ಜಾರುವ ಹಲಗೆ. ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಮೇಣದ ಬತ್ತಿ ಮತ್ತು ನೆಲದ ಪಾಲಿಶ್ ಮಾಡಿಸುವ ನನ್ನ ಗಂಡನನ್ನು, ಹೊಸ ಯಂತ್ರದ ಕೆಲಸ ಕಲಿತು ಬರಲು ಕಂಪನಿಯವರು ಈ ಜನವರಿಯಲ್ಲಿ ಆಸ್ಟ್ರಿಯಾಕ್ಕೆ ಕಳಿಸಿದ್ದರು. ಅಲ್ಲಿ ರುಡಾಲ್ಫ್ ಎಂಬ ಎಂಜಿನಿಯರರು ಒಂದು ಭಾನುವಾರ ಇವರನ್ನು ಬೆಟ್ಟಕ್ಕೆ ಕರೆದೊಯ್ದು, ತಮ್ಮ ಮೇಲೆ ನಿಲ್ಲಿಸಿ, ಪಟ್ಟಿ ಬಿಗಿದು, ಬೆನ್ನಿಗೆ ಮೆಲ್ಲನೆ ಕೈ ಕೊಟ್ಟರಂತೆ. ನಮ್ಮ ಗೇಟಿನಿಂದ ಪಕ್ಕದ ಮನೆಯ ಫಿಲೋಮಿನಾ ಅವರ ಗೇಟಿನವರೆಗೆ ಎಷ್ಟು ದೂರವೋ ಅಷ್ಟು ದೂರ ಇವರು ಬೀಳದೆ ಜಾರಿದರಂತೆ. ಆಮೇಲೆ ಬಿದ್ದರು, ಅದು ಬೇರೆ ಮಾತು. ಇವರ ಸಂತೋಷ ಕಂಡು ಕರಗಿದ ರುಡಾಲ್ಫರು ತಮ್ಮನ್ನು ಉಡುಗೊರೆಯಾಗಿ ಕೊಟ್ಟು, ಹಲಗೆಯ ತಳ ಒಣಗಬಾರದು, ಆಗಾಗ ಮೇಣ ಹಚ್ಚುತ್ತಿರಬೇಕು ಎಂದು ಒಂದು ಮಾತು ಹೇಳಿ ಕಳಿಸಿದರು. ಆ ಮಾತನ್ನು ಅವರು ಭೂಮಿಯ ಮೇಲೆ ಬೇರೆ ಯಾರಿಗೆ ಹೇಳಿದ್ದರೂ ನಾನು ಬದುಕಿಕೊಳ್ಳುತ್ತಿದ್ದೆ. ಮೇಣದ ಕಾರ್ಖಾನೆಯವರಿಗೆ ಹೇಳಿದರು.

ಅಂದಿನಿಂದ ತಮಗೆ ನಡೆಯುತ್ತಿರುವ ಅಭ್ಯಂಜನವನ್ನು ಕಂಡು ನನಗೆ ಹೊಟ್ಟೆಕಿಚ್ಚಲ್ಲ, ಬರಿಯ ವಿಸ್ಮಯ. ದೀಪಾವಳಿಗೂ ಎಣ್ಣೆ ಹಚ್ಚಿಸಿಕೊಳ್ಳದೆ ತಪ್ಪಿಸಿಕೊಂಡು ಓಡುವ ಮನುಷ್ಯ ತಮ್ಮನ್ನು ಊಟದ ಮೇಜಿನ ಮೇಲೆ ಬೋರಲಾಗಿ ಮಲಗಿಸಿ, ತಳ ಒರೆಸಿ, ಲೋಹದ ಅಂಚನ್ನು ಅರದಿಂದ ಹದವಾಗಿ ಉಜ್ಜಿ, ನನ್ನ ಇಸ್ತ್ರಿ ಪೆಟ್ಟಿಗೆಯನ್ನು ಕಾಯಿಸಿ, ಅದಕ್ಕೆ ಮೇಣದ ಬಿಲ್ಲೆಯನ್ನು ಒತ್ತಿ ಹನಿಹನಿಯಾಗಿ ತೊಟ್ಟಿಕ್ಕಿಸುತ್ತಾರೆ. ಆ ಹನಿಗಳನ್ನು ಹೊಗೆಯೇಳದಂತೆ ತಲೆಯಿಂದ ಬಾಲದವರೆಗೆ ನೇವರಿಸುತ್ತಾರೆ. ಆರಲು ಬಿಡುತ್ತಾರೆ. ಆಮೇಲೆ ಇಷ್ಟು ಕಷ್ಟಪಟ್ಟು ಹಚ್ಚಿದ್ದನ್ನೆಲ್ಲ ಪ್ಲಾಸ್ಟಿಕ್ ಪಟ್ಟಿಯಿಂದ ಹೆರೆದು ತೆಗೆದು, ಬ್ರಷ್ಷಿನಿಂದ ತಿಕ್ಕಿ, ಮುಖ ಕಾಣುವಂತೆ ಹೊಳಪೇರಿಸುತ್ತಾರೆ. ಕರೆಂಟ್ ಹೋದ ದಿನ ಕೆಂಡದ ಇಸ್ತ್ರಿ ಪೆಟ್ಟಿಗೆಯಿಂದಲೂ ಸೇವೆ ನಡೆದಿದೆ. ಮಾರನೆಯ ಬೆಳಿಗ್ಗೆ ಅದೇ ಪೆಟ್ಟಿಗೆಯನ್ನು ನನ್ನ ಇಳಕಲ್ ಸೀರೆಯ ಮೇಲೆ ಆಡಿಸಿದಾಗ ಸೆರಗು ಮಳೆಗಾಲದ ಕೊಡೆಯ ಹಾಗೆ ನೀರು ಹೀರದ ಬಟ್ಟೆಯಾಯಿತು. ಇದನ್ನು ದೂರೆಂದು ತಿಳಿಯಬಾರದು. ನೈರೋಬಿಯ ಮಳೆಯಲ್ಲಿ ಅನುಕೂಲವೇ ಆಯಿತು.

ನಮ್ಮ ಮನೆಗೆಲಸಕ್ಕೆ ಬರುವ ಮುತೋನಿ ಮೊದಲ ಸಲ ಈ ಸೇವೆಯನ್ನು ನೋಡಿ, ಇದು ಯಾತಕ್ಕೆ ಎಂದು ನನ್ನನ್ನು ಕೇಳಿದಳು. ಹಿಮದ ಬೆಟ್ಟದಿಂದ ಕೆಳಗೆ ಜಾರುವುದಕ್ಕೆ ಎಂದೆ. ಅವಳು ಕಿಟಕಿಯಾಚೆಗಿನ ಬಿಸಿಲನ್ನೂ, ಜಾಕರಾಂಡ ಮರದ ಕೆಳಗೆ ಒಣಗುತ್ತಿದ್ದ ನಮ್ಮ ಟವೆಲುಗಳನ್ನೂ ಒಮ್ಮೆ ನೋಡಿ, ಜ್ವರದವರ ಮಾತಿಗೆ ಹೂಂಗುಟ್ಟುವ ದನಿಯಲ್ಲಿ "ಸವಾ, ಮಾಮಾ" (ಆಯ್ತಮ್ಮಾ) ಎಂದು ಬಟ್ಟಲು ತೊಳೆಯಲು ಹೋದಳು. ಅಷ್ಟು ಸಂಯಮ ನನಗೆ ಬಂದಿಲ್ಲ. ಎಷ್ಟು ಚಳಿಯ ಹಿಮಕ್ಕೆ ಎಷ್ಟು ಗಟ್ಟಿ ಮೇಣವೆಂದು ಪರೀಕ್ಷಿಸಲು ತಮ್ಮ ಯಜಮಾನರು ಫ್ರಿಜ್ಜಿನ ಐಸಿನ ಗೂಡಿನಲ್ಲಿ, ಬಟಾಣಿ ಪೊಟ್ಟಣದ ಪಕ್ಕ ಥರ್ಮಾಮೀಟರ್ ಮಲಗಿಸಿದಾಗ, "ರೀ, ಬಟಾಣಿ ಮೇಲೆ ಜಾರ್ತೀರಾ?" ಎಂದು ಕೇಳಿಯೇಬಿಟ್ಟೆ. ಆಕಾಶ ತಿಳಿಯಾದ ಬೆಳಗಿನಲ್ಲಿ ಉತ್ತರಕ್ಕೆ ದೂರದಲ್ಲಿ ಕಾಣುವ ಮೌಂಟ್ ಕೆನ್ಯಾದ ಬಿಳಿ ನೆತ್ತಿಯನ್ನು ತೋರಿಸಿ, "ಅಲ್ಲಿ ಇಲ್ವಾ? ಯಾವತ್ತು ಬೇಕಾಗತ್ತೋ ಯಾರಿಗ್ಗೊತ್ತು, ರೆಡಿ ಇರ್ಬೇಕು" ಎಂದರು. ತಮಗೆ ಮೇಲಿನವರ ಪರಿಚಯವಿದ್ದರೆ ಸೌತ್ ಸಿಯ ಮೇಲೆ ಒಂದು ಬೆಳಿಗ್ಗೆಯಾದರೂ, ಹಾಲಿನವನು ಬರುವ ಮೊದಲು, ಹಿಮ ಸುರಿಸಲು ಶಿಫಾರಸು ಮಾಡಬಾರದೇಕೆ? ಆಗದಿದ್ದರೆ ತಾವೇ ಒಂದು ಮಟಾಟು ವ್ಯಾನು ಹಿಡಿದು ಆ ಬೆಟ್ಟದ ಬುಡಕ್ಕೆ ಹೋಗಿ ನೆಲೆಸಬಹುದು. ಮಾಡಿನ ಮೇಲೆ ಸಾಮಾನು ಕಟ್ಟಿಕೊಳ್ಳುತ್ತಾರೆ.

ಈ ಪತ್ರವನ್ನು ಇಲ್ಲಿಗೇ ಮುಗಿಸಿ, ಗೋಡೆ ಖಾಲಿ ಮಾಡಿ ಎಂದು ಸಹಿ ಹಾಕುವವಳಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು.

ಕಾರು, ಮಿಕ್ಸಿ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ತಮಗೂ ವಿಭೂತಿ, ಕುಂಕುಮ, ಚೆಂಡುಹೂವು ಸಂದಿತು. ಪ್ರತಿವರ್ಷದಂತೆ ಫಿಲೋಮಿನಾ ಮತ್ತು ಅವರ ಮಗಳು ಜೂಡಿತ್ ಸಿಹಿ ತಿನ್ನಲು ಬಂದಿದ್ದರು. ಕಾರಿನ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು ಅಪ್ಪಚ್ಚಿ ಮಾಡಿ ಒಳಗೆ ಬಂದ ಯಜಮಾನರಿಗೆ, ಓಡಾಡುವ ವಾಹನವೆಂದ ಮೇಲೆ ತಮಗೂ ಆ ಶಾಸ್ತ್ರ ಆಗಬೇಕೆಂದು ಹೊಳೆಯಿತು. ಹಾಲ್‌ನ ನೆಲದ ಮೇಲೆ ತಮ್ಮನ್ನು ಮಲಗಿಸಿ, ಮುಂದೊಂದು ಹಿಂದೊಂದು ನಿಂಬೆ ಇಟ್ಟು, ಸೋಫಾ ಹಿಡಿದುಕೊಂಡು ಮೇಲೆ ಹತ್ತಿ ನಿಂತರು. ನೆಲ ಮರದ ಪಟ್ಟಿಗಳನ್ನು ಜೋಡಿಸಿದ ಪಾರ್ಕೆ. ಹಬ್ಬವೆಂದು ಮುತೋನಿ ಬೆಳಿಗ್ಗೆ ತಾನೆ ಅದಕ್ಕೆ ಪಾಲಿಶ್ ಹಾಕಿ ತಿಕ್ಕಿದ್ದಳು. ಕೆಳಗೆ ಕಾರ್ಖಾನೆಯ ಪಾಲಿಶ್, ಅದರ ಮೇಲೆ ನಿಂಬೆರಸ, ಅದರ ಮೇಲೆ ಹತ್ತು ತಿಂಗಳ ಮೇಣ. ನಿಂಬೆ ಪಚಕ್ಕೆಂದಿತು, ಸೋಫಾ ಕೈತಪ್ಪಿತು, ಐವತ್ತಮೂರರ ನನ್ನ ಗಂಡ ಎರಡೂ ತೋಳು ಚಾಚಿಕೊಂಡು ಹಾಲ್ ದಾಟಿ, ಊಟದ ಕೋಣೆ ಹೊಕ್ಕು, ಕಟ್ಟಿಟ್ಟಿದ್ದ ನನ್ನ ಪುಸ್ತಕದ ಬಾಕ್ಸುಗಳೊಳಗೆ ಹೋಗಿ ಕೂತರು.

"ಅಯ್ಯೋ ದೇವರೇ! ಚಿದಾನಂದಣ್ಣ, ನಿಮಗೆ ಮಂಡೆ ಸಮ ಉಂಟಾ ಮಾರಾಯ್ರೆ?" ಎಂದು ಫಿಲೋಮಿನಾ ಹೋಳಿಗೆ ಹಿಡಿದೇ ಓಡಿದರು. "ಅಂಕಲ್, ದಟ್ ವಾಸ್ ಸೋ ಗುಡ್! ಡೂ ಇಟ್ ಅಗೇನ್!" ಎಂದಳು ಜೂಡಿತ್. ಹರಿದ ಬಾಕ್ಸಿನಲ್ಲಿ, ಕವನಗಳ ಮೇಲೆ ಕೂತಿದ್ದ ಇವರು, "ನೋಡಿದ್ಯಾ ವಿಮಲಾ, ಬೀಳ್ಲೇ ಇಲ್ಲ!" ಎಂದರು, ಬಿದ್ದ ಸ್ಥಿತಿಯಲ್ಲೇ.

ಮಾನ್ಯರೇ, ಆಗ ಅವರ ಮುಖವನ್ನು ನಾನು ನೋಡಿದೆ. ನನಗೆ ಅದು ಹೊಸ ಮುಖ. ಒಂದು ಒಳ್ಳೆಯ ಸಾಲು ಓದಿ ಪುಸ್ತಕವನ್ನು ತೊಡೆಯ ಮೇಲೆ ಮಗುಚಿಟ್ಟು ನಾನು ಸುಮ್ಮನೆ ಕುಳಿತಾಗ, "ಏನಾಯ್ತು ನಿಂಗೆ?" ಎಂದು ಇವರು ಎಷ್ಟೋ ಸಲ ಗಾಬರಿಯಿಂದ ಕೇಳಿದ್ದುಂಟು. ಪ್ರಾಯಶಃ ಆಗ ನನ್ನ ಮುಖವೂ ಹೀಗೆಯೇ ಇರುತ್ತದೆ. ಅದೇ ಸಾಲನ್ನು ನಾನೂ ತಿರುತಿರುಗಿ ಓದುತ್ತೇನೆ, ಎಲ್ಲಿಗೂ ಹೋಗುವುದಕ್ಕಲ್ಲ. ಗೇಟಿನಿಂದ ಗೇಟಿನವರೆಗಿನ ಒಂದು ಜಾರುವಿಕೆಯನ್ನು ಒಣಗದಂತೆ ಕಾಪಾಡಿಕೊಳ್ಳುವವರಿಗೆ, ಹಲಗೆಯನ್ನು ಬಾಕ್ಸಿನಲ್ಲಿಡಿ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಆದ್ದರಿಂದ ನನ್ನ ಪ್ರಾರ್ಥನೆಯನ್ನು ತಿದ್ದಿಕೊಂಡಿದ್ದೇನೆ. ಗೋಡೆ ತಮ್ಮದೇ. ಆದರೆ ತಾವು ಅಲ್ಲಿ ಒರಗಿ ನಿಲ್ಲುವುದಿಲ್ಲ. ಪಾದದ ಪಟ್ಟಿಗಳನ್ನು ಕಳಚಿ, ಎರಡು ಕಬ್ಬಿಣದ ಬ್ರಾಕೆಟ್ಟುಗಳ ಮೇಲೆ ಅಡ್ಡಲಾಗಿ ಮಲಗುತ್ತೀರಿ, ತಮ್ಮ ಮೇಲೆ ನನ್ನ ಕವಿಗಳು ನಿಲ್ಲುತ್ತಾರೆ. ತಮ್ಮ ಎರಡೂ ತುದಿಗಳು ಮೇಲಕ್ಕೆ ಬಾಗಿರುವುದರಿಂದ ಯಾರೂ ಜಾರಿ ಬೀಳುವ ಭಯವಿಲ್ಲ. ಇದನ್ನು ತಿಳಿಸಿದಾಗ ಯಜಮಾನರು, "ಹಾಗಾದ್ರೆ ವ್ಯಾಕ್ಸ್ ಹಾಕೋದು ಹ್ಯಾಗೆ?" ಎಂದರು. ಪ್ರತಿ ಸಲವೂ ಪುಸ್ತಕಗಳನ್ನು ಒಂದೊಂದಾಗಿ ಇಳಿಸಿ, ಧೂಳು ಒರೆಸಿ, ಮೇಣದ ಕೆಲಸ ಮುಗಿದ ಮೇಲೆ ಇದ್ದ ಕ್ರಮದಲ್ಲೇ ಏರಿಸುವುದು ಎಂದೆ. ಅದಕ್ಕೂ ಒಪ್ಪಿದರು. ಆಮೇಲೆ ತಮ್ಮನ್ನೊಮ್ಮೆ, ಬಾಕ್ಸುಗಳನ್ನೊಮ್ಮೆ ನೋಡಿ, "ಕವನ ಅಂದ್ರೆ ತುಂಬಾ ಭಾರ ಏನಿರಲ್ಲ ತಾನೇ?" ಎಂದು ಕೇಳಿದರು. ಕೆಲವು ಇವೆ ಎಂದೆ. ಅವನ್ನು ಬ್ರಾಕೆಟ್ಟಿನ ನೇರಕ್ಕೆ ಇಡುವುದೆಂದು ತೀರ್ಮಾನವಾಯಿತು.

ಅರ್ಧ ಗೋಡೆಯ ಮಟ್ಟಿಗೆ
ತಮ್ಮ ವಿಶ್ವಾಸಿ,
ವಿಮಲಾ ಚಿದಾನಂದ
ಸೌತ್ ಸಿ, ನೈರೋಬಿ, ಅಕ್ಟೋಬರ್ 1994

ಮರೆತ ಮಾತು: ಮನೆ ಬದಲಾಯಿಸುವ ಸಂತೋಷಕ್ಕೆಂದು ರುಡಾಲ್ಫರು ಒಂದು ಜೊತೆ ಹಿಮದ ಸ್ಕೀಗಳನ್ನು, ಅಂದರೆ ಕಾಲಿಗೊಂದರಂತೆ ಕಟ್ಟಿಕೊಂಡು ಜಾರುವ ನೀಳ ಪಟ್ಟಿಗಳನ್ನು, ಕಳಿಸುವ ಆಲೋಚನೆಯಲ್ಲಿದ್ದಾರೆಂದು ನಿನ್ನೆ ತಿಳಿಯಿತು. ಅವು ತಮ್ಮ ದಾಯಾದಿಗಳಂತೆ. ಬರುವ ಮುನ್ನ ಅವುಗಳ ಕಿವಿಯಲ್ಲಿ ಒಂದು ಮಾತು ಹಾಕಿಡಿ: ಈ ಮನೆಯಾಕೆ ಟೊಮೇಟೊ ಬಳ್ಳಿಗೆ ಆಸರೆ ಕೊಡಲು ಎರಡು ಉದ್ದನೆಯ ಕೋಲು ಹುಡುಕುತ್ತಿದ್ದಾಳೆ.