ಯಲ್ಮರಿಯ ಅಳತೆಗೆ ಹೊಲಿದ ದಂಡ

ಸೆಪ್ಟೆಂಬರಿನ ಒಂದು ಗುರುವಾರ, ಮಧ್ಯಾಹ್ನದ ಹೊತ್ತಿಗೆ ದ್ವೀಪದಿಂದ ಯಲ್ಮರಿಗೆ ಫೋನು ಬಂತು. ಸೈಮಿ ನಿದ್ದೆಯಲ್ಲಿಯೇ ಹೋಗಿಬಿಟ್ಟಿದ್ದಳು. ಎಂಬತ್ತೊಂಬತ್ತು ವರ್ಷ, ತನ್ನದೇ ಮನೆ, ತನ್ನದೇ ಮಂಚ, ತಾನೇ ಹೆಣೆದ ಹೊದಿಕೆ. ಅಷ್ಟು ಮೆಲ್ಲಗೆ ಕರೆದುಕೊಂಡದ್ದಕ್ಕೆ ಯಲ್ಮರಿ ಮೊದಲು ದೇವರಿಗೆ ವಂದಿಸಿದ, ಆಮೇಲೆ ಅತ್ತ. ಮೂವತ್ತೊಂದು ವರ್ಷ ಅವನು ಲೈಬ್ರರಿಯ ಬಸ್ಸು ಓಡಿಸಿದವನು. ಪ್ರತಿ ಗುರುವಾರ ಆ ಬಸ್ಸು ದ್ವೀಪಕ್ಕೆ ಹೋದಾಗಲೆಲ್ಲ ಸೈಮಿ ಅವನಿಗೆ ಬಿಸಿ ಬಟಾಣಿ ಸಾರು ಬಡಿಸಿದ್ದಳು. ಕೆಲಸದಿಂದ ನಿವೃತ್ತನಾದ ಮೇಲೂ ಆ ಬಟ್ಟಲು ತಪ್ಪಿರಲಿಲ್ಲ.

ಸೈಮಿಗೆ ಒಂದೇ ಆಸೆಯಿತ್ತು. "ಹಾಡಿಲ್ದೆ ನನ್ನ ಹೊಸ್ತಿಲು ದಾಟಿಸ್ಬೇಡಿ ಕಣ್ರೋ" ಎಂದು ಇಗರ್ಜಿಯಲ್ಲಿ ಜೊತೆಗೆ ಹಾಡುತ್ತಿದ್ದ ಮೂವರಿಂದಲೂ ಮಾತು ತೆಗೆದುಕೊಂಡಿದ್ದಳು. ಆ ಮೂವರೆಂದರೆ ಯಲ್ಮರಿ, ಅಂಗಡಿಯ ಲೆಂಪಿ, ಜಾಮ್ ಕಾರ್ಖಾನೆಯ ಯಜಮಾನ ಎನ್ಸಿಯೊ. ಎರಡೂವರೆಗೆ ಶವವಾಹನ ಅವಳ ಮನೆಯಿಂದ ಹೊರಡುತ್ತದೆ ಎಂದು ಫೋನಿನಲ್ಲಿ ಹೇಳಿದ್ದರು. ದ್ವೀಪಕ್ಕೆ ಕಾರು ದಾಟಿಸುವ ಲಾಂಚು ಎರಡು ಗಂಟೆಗೆ. ಅದು ತಪ್ಪಿದರೆ ನಾಲ್ಕಕ್ಕೆ. ದಡಕ್ಕೆ ಐವತ್ತೈದು ಕಿಲೋಮೀಟರು. ಮೂವರೂ ಲೆಂಪಿಯ ಅಂಗಡಿಯ ಮುಂದೆ ಸೇರುವಷ್ಟರಲ್ಲಿ ಒಂದು ಇಪ್ಪತ್ತು.

"ಕಾರು ಹತ್ತು, ಹತ್ತು! ಎನ್ಸಿಯೊ, ಓಡ್ಸು ಮಾರಾಯ" ಎಂದಳು ಲೆಂಪಿ.

ಎನ್ಸಿಯೊ ತನ್ನ ದೊಡ್ಡ ಕಾರಿನ ಬಾಗಿಲು ಹಿಡಿದುಕೊಂಡು, ಹಲ್ಲಿನ ಡಾಕ್ಟರ ಕುರ್ಚಿ ಕಂಡವನಂತೆ ನಿಂತ. "ನಾನು ಓಡ್ಸಿದ್ರೆ ಎಂಬತ್ತರ ಮೇಲೆ ಮುಳ್ಳು ಹೋಗಲ್ಲ. ಹೋದ ವರ್ಷದ್ದು ಮರೆತ್ಯಾ? ಒಂದು ಸಲ ಕಾಲು ಒತ್ತಿದ್ದಕ್ಕೆ ಒಂಬತ್ತು ಸಾವಿರ ಯೂರೋ! ಅದೇ ತಪ್ಪಿಗೆ ನಿನಗಾದ್ರೆ ನೂರು. ಇದ್ಯಾವ ನ್ಯಾಯ? ತಪ್ಪು ಒಂದೇ ಅಂದ್ಮೇಲೆ ದಂಡಾನೂ ಒಂದೇ ಇರ್ಬೇಕು."

"ಎಲ್ರಿಗೂ ಒಂದೇ ಅಳತೆ ಕೋಟು ಹೊಲಿಯಕ್ಕಾಗತ್ತಾ? ನನಗೆ ನೂರು ಕಚ್ಚಿದ ಹಾಗೆ ನಿನಗೆ ಒಂಬತ್ತು ಸಾವಿರ ಕಚ್ಚಿದ್ರೇನೇ ಸರಿ. ಅವತ್ತಿಂದ ನೀನು ದನದ ಗಾಡಿ ತರ ಓಡಿಸ್ತಿಲ್ವಾ? ಊರಿನ ಬೆಕ್ಕುಗಳು ಬದುಕಿದ್ದು ಅದ್ರಿಂದಲೇ" ಎಂದು ಲೆಂಪಿ ಅಂದವಳೇ ಕೈಚೀಲದಿಂದ ಒಂದು ನೀಲಿ ನೋಟ್‌ಬುಕ್ಕು ತೆಗೆದಳು. "ಹಂಗಾದ್ರೆ ಇರೋದು ಒಂದೇ ದಾರಿ. ಊರಲ್ಲಿ ಯಾರ ಆದಾಯ ಕಮ್ಮಿಯೋ ಅವ್ನೇ ಓಡಿಸ್ಲಿ."

ಯಲ್ಮರಿ ಒಂದು ಹೆಜ್ಜೆ ಹಿಂದೆ ಸರಿದ.

ಆ ದೇಶದಲ್ಲಿ ವೇಗದ ದಂಡ ಹಾಕುವುದು ಆದಾಯ ನೋಡಿ, ಯಾರ ಆದಾಯವೂ ಗುಟ್ಟಲ್ಲ. ಪ್ರತಿ ನವೆಂಬರಿನಲ್ಲಿ ತೆರಿಗೆ ಕಚೇರಿಗೆ ಫೋನು ಮಾಡಿ ಇಡೀ ಊರಿನ ಆದಾಯ ಕೇಳಿ ಬರೆದಿಟ್ಟುಕೊಳ್ಳುವುದು, ಬೇರೆಯವರು ಅಣಬೆ ಆರಿಸುವಂತೆ, ಲೆಂಪಿಗೆ ಒಂದು ಹವ್ಯಾಸ. ಕಳೆದ ನವೆಂಬರಿನಲ್ಲಿ ಮಾತ್ರ ಮೊಣಕಾಲಿನ ಆಪರೇಷನ್ ಆಗಿ ಆಸ್ಪತ್ರೆಯಲ್ಲಿದ್ದಳು; ನೋಟ್‌ಬುಕ್ಕಿನಲ್ಲಿದ್ದದ್ದು ಅದಕ್ಕೂ ಹಿಂದಿನ ಲೆಕ್ಕ. ಆ ಮೊಣಕಾಲಿಗಾಗಿ ಯಲ್ಮರಿ ಎಷ್ಟು ಸಲ ದೇವರನ್ನು ಸ್ತುತಿಸಿದ್ದನೋ!

ಏಕೆಂದರೆ ಎರಡು ವರ್ಷದ ಹಿಂದೆ ಅವನು ಅಪ್ಪನ ಕಾಲದ ಕಾಡನ್ನು ಮರದ ಕಂಪನಿಗೆ ಮಾರಿಬಿಟ್ಟಿದ್ದ. ಸೈಮಿಯ ಮನೆಯ ಒಲೆ ಒಡೆದು, ಮಾಡು ಸೋರಿ, ಅವಳನ್ನು ಪಟ್ಟಣದ ವೃದ್ಧಾಶ್ರಮಕ್ಕೆ ಒಯ್ಯುವ ಮಾತು ನಡೆದಿತ್ತು. ಬಂದ ಹಣವನ್ನೆಲ್ಲ ಅವನು ಪಾದ್ರಿಯ ಕೈಗಿಟ್ಟು, "ಇಗರ್ಜಿಯ ಸಹಾಯ ಅಂತ ಹೇಳಿ ಕೊಡಿ" ಎಂದಿದ್ದ. ಆಕೆ ವಿಧವೆ, ತಾನು ಮದುವೆಯಾಗದವನು. ವಿಷಯ ಹೊರಬಿದ್ದರೆ ಅವಳ ಹೆಸರು ಊರಿನ ಕಾಫಿಯ ಜೊತೆ ನಂಚಿಕೊಳ್ಳುವ ಬಿಸ್ಕತ್ತಾಗುತ್ತದೆ. ಈಗಂತೂ ಉತ್ತರ ಕೊಡಲು ಅವಳೇ ಇಲ್ಲ.

"ಇಲ್ನೋಡು, ಕಟ್ಟಕಡೆಗೆ: ಯಲ್ಮರಿ!" ಎಂದಳು ಲೆಂಪಿ, ಬಹುಮಾನ ಘೋಷಿಸಿದವಳಂತೆ. "ನಿನ್ನಷ್ಟು ಬಡವ ಸಿಕ್ಕಿದ್ದು ನಮ್ಮ ಪುಣ್ಯ ಕಣೋ. ಹತ್ತು."

"ನನಗೆ... ಬಸ್ಸಿನ ಅಭ್ಯಾಸ" ಎಂದು ತೊದಲಿದ ಯಲ್ಮರಿ.

"ಇದೂ ಬಸ್ಸಿನಷ್ಟೇ ಇದೆ" ಎಂದು ಎನ್ಸಿಯೊ ಕೀಲಿ ಅವನ ಕೈಗೆ ತುರುಕಿದ.

ಕಾರು ಹೊರಟಿತು. ಕಾನೂನು ಯಲ್ಮರಿಗೆ ಗೊತ್ತಿತ್ತು. ಮಿತಿಯ ಮೇಲೆ ಇಪ್ಪತ್ತರೊಳಗಿದ್ದರೆ ಬಡವ ಬಲ್ಲಿದ ಎಲ್ಲರಿಗೂ ಒಂದೇ ದಂಡ. ಇಪ್ಪತ್ತು ದಾಟಿದರೆ ಆದಾಯದ ಲೆಕ್ಕ, ಆದಾಯದ ಲೆಕ್ಕವೆಂದರೆ ಕಾಡಿನ ಲೆಕ್ಕ. ಎಂಬತ್ತರ ರಸ್ತೆಯಲ್ಲಿ ಅವನು ಮುಳ್ಳನ್ನು ತೊಂಬತ್ತೈದಕ್ಕೆ ನಿಲ್ಲಿಸಿ, ಹಾಲು ಉಕ್ಕುವುದನ್ನು ಕಾಯುವ ಗೃಹಿಣಿಯಂತೆ ಅದನ್ನೇ ನೋಡುತ್ತ ಕುಳಿತ.

"ಒತ್ತೋ! ನಿನ್ನ ಬಡತನ ಇವತ್ತಲ್ದೆ ಇನ್ಯಾವತ್ತು ಉಪಯೋಗಕ್ಕೆ ಬರೋದು?" ಎಂದ ಎನ್ಸಿಯೊ.

ದಡಕ್ಕೆ ಹನ್ನೆರಡು ಕಿಲೋಮೀಟರು ಇದ್ದಾಗ ಮುಂದೆ ದಡದ ಕಡೆಗೇ ಹೋಗುತ್ತಿದ್ದ ಒಂದು ಉದ್ದನೆಯ ಕಪ್ಪು ಗಾಡಿ ಸಿಕ್ಕಿತು. ಎಪ್ಪತ್ತರಲ್ಲಿ ಸಾಗುತ್ತಿತ್ತು, ರಸ್ತೆಯೇ ತನ್ನದೆಂಬಂತೆ. ಎರಡಕ್ಕೆ ಹತ್ತೇ ನಿಮಿಷ. ಲೆಂಪಿ ಹಿಂದಿನಿಂದ ಅವನ ಭುಜ ಹಿಡಿದಳು. "ಯಲ್ಮರಿ, ಅಲ್ಲಿ ಸೈಮಿ ಹಾಡಿಲ್ದೆ ಹೋಗ್ತಾಳೆ ಕಣೋ."

ಅವನ ಕಾಲು ಅವನನ್ನು ಕೇಳಲಿಲ್ಲ. ಮುಳ್ಳು ನೂರಾ ಏಳಕ್ಕೆ ಹಾರಿತು. ಕಾರು ಕಪ್ಪು ಗಾಡಿಯನ್ನು ದಾಟುವಾಗ ಲೆಂಪಿ ಅದರ ಕಿಟಕಿಯ ಬಿಳಿ ಪರದೆ ನೋಡಿ ಕಿರುಚಿದಳು: "ಅಯ್ಯೋ ದೇವರೇ, ಸೈಮೀನ ತರಕ್ಕೆ ಹೋಗ್ತಿರೋ ಶವವಾಹನ ಇದೇ!"

ಅದೇ ಹೊತ್ತಿಗೆ ಹಿಂದೆ ಪೊಲೀಸರ ನೀಲಿ ದೀಪ ಮಿನುಗಿತು.

ಬಂದವಳು ಯುವತಿ, ಬಹಳ ವಿನಯವಂತೆ. "ಶವವಾಹನಾನ ಓವರ್‌ಟೇಕ್ ಮಾಡಿದವರನ್ನ ನಾನು ಇವತ್ತೇ ನೋಡಿದ್ದು. ಲೈಸೆನ್ಸ್ ಕೊಡಿ ಸರ್."

"ಪಾಪದವನು ಕಣಮ್ಮ. ಏನಾಗತ್ತೋ ಬೇಗ ಬರ್ಕೊಂಡು ಬಿಟ್ಬಿಡು" ಎಂದಳು ಲೆಂಪಿ ಉದಾರವಾಗಿ.

ಪೊಲೀಸಿನವಳು ತನ್ನ ಯಂತ್ರ ನೋಡಿದಳು, ಯಲ್ಮರಿಯ ತೇಪೆ ಹಾಕಿದ ಕೋಟು ನೋಡಿದಳು, ಮತ್ತೆ ಯಂತ್ರ ನೋಡಿದಳು. "ಸಾವಿರದ ನೂರಾ ಎಂಬತ್ತು ಯೂರೋ ಬರತ್ತೆ ಸರ್. ಕಾಡು ಮಾರಿದ್ದೀರಿ."

ಹಿಂದಿನ ಸೀಟಿನಲ್ಲಿ ನೋಟ್‌ಬುಕ್ಕು ಕೆಳಗೆ ಬಿದ್ದ ಸದ್ದಾಯಿತು. ಪಕ್ಕದಲ್ಲಿ ಶವವಾಹನ ಮೆಲ್ಲಗೆ ಸಾಗಿಹೋಯಿತು. ಅದರ ಚಾಲಕ ಟೊಪ್ಪಿಗೆ ಎತ್ತಿ ವಂದಿಸಿದ.

"ಅದು ಒಂದೇ ಸಲ ಬಂದ ಹಣ ಆಗಿದ್ರೆ, ಈಗ ಕೈಲಿಲ್ಲ ಅಂದ್ರೆ, ಕಮ್ಮಿ ಮಾಡೋಕೆ ಬರತ್ತೆ. ಅದು ಏನಾಯ್ತು ಅಂತ ಹೇಳ್ಬೇಕು ಅಷ್ಟೆ" ಎಂದಳು ಪೊಲೀಸಿನವಳು.

ಒಂದು ಮಾತು ಸಾಕಿತ್ತು. ಯಲ್ಮರಿ ಬಾಯಿ ತೆರೆದ. ಲೆಂಪಿಯ ಕಿವಿ ಸೀಟಿನ ಮೇಲಿಂದ ಮುಂದೆ ಚಾಚಿಕೊಂಡಿತ್ತು. ಅವನು ಬಾಯಿ ಮುಚ್ಚಿ, ಸಹಿ ಹಾಕಿದ.

"ಎರಡು ವರ್ಷದಿಂದ ಹಳೇ ಬ್ರೆಡ್ಡು ಪುಕ್ಕಟೆ ಕೊಟ್ಟಿದ್ದೀನಿ ನಿಂಗೆ! ಏನ್ ಮಾಡ್ದೆ ದುಡ್ಡ? ಕುಡಿದ್ಯಾ?" ಎಂದಳು ಲೆಂಪಿ.

"ಖರ್ಚಾಯ್ತು" ಎಂದ ಯಲ್ಮರಿ.

ದಡಕ್ಕೆ ಬಂದಾಗ ಎರಡು ಹತ್ತು. ಲಾಂಚು ನಿಂತೇ ಇತ್ತು. ಶವವಾಹನದ ಚಾಲಕ ಅದರ ಕಂಬಿಗೆ ಒರಗಿ ಕಾಫಿ ಕುಡಿಯುತ್ತಿದ್ದ. "ನಾನೇ ನಿಲ್ಸಿದ್ದು. ಹಾಡೋರು ಬರದೆ ಹೊರಡ್ಬೇಡ ಅಂತ ಸೈಮಿಯಮ್ಮ ಹೋದ ವರ್ಷವೇ ನನ್ನ ಹತ್ರ ಹೇಳಿದ್ರು. ನೀವ್ಯಾಕೆ ಹಾಗೆ ಹಾರ್ಕೊಂಡು ಹೋದ್ರಿ?"

ಮೂವರೂ ಬೇಗ ಬೇಗ ಕಾರನ್ನು ಲಾಂಚಿಗೆ ಹತ್ತಿಸಿದರು.

ಸೈಮಿಯ ಕೋಣೆಯಲ್ಲಿ ಮೂವರೂ ಹಾಡಿದರು. ಹಾಡು ಮುಗಿದ ಮೇಲೆ ಅವಳ ತಂಗಿಯ ಮಗಳು ಮಿರ್ಯ ಒಂದು ಕಾಗದ ಬಿಚ್ಚಿದಳು. "ದೊಡ್ಡಮ್ಮ ಇದನ್ನ ಎಲ್ಲರ ಮುಂದೆ ಓದು ಅಂದಿದ್ಲು." ಓದಿದಳು:

"ಲೆಂಪಿ ಆಸ್ಪತ್ರೆಯಲ್ಲಿದ್ದಳಲ್ಲ, ಊರಿನ ವಿಚಾರ ಯಾರಾದರೂ ನೋಡಿಕೊಳ್ಳಬೇಕೆಂದು ಆ ಸಲ ನಾನೇ ತೆರಿಗೆ ಕಚೇರಿಗೆ ಫೋನು ಮಾಡಿ ಕೇಳಿದೆ. ಇಗರ್ಜಿಯ ಸಹಾಯ ಎಲ್ಲಿಂದ ಬಂತೆಂದು ಅವತ್ತು ತಿಳಿಯಿತು. ನಾನು ನನ್ನ ಮನೆಯಲ್ಲಿಯೇ ಸತ್ತದ್ದು ಯಲ್ಮರಿಯ ಕಾಡಿನಿಂದ. ಇದು ಇಡೀ ಊರಿಗೆ ಗೊತ್ತಾಗಲಿ. ಸಾರಿನ ಪಾತ್ರೆ ಅವನಿಗೆ."

ಮೊದಲು ಸುಧಾರಿಸಿಕೊಂಡವಳು ಲೆಂಪಿ, ಕಣ್ಣೊರೆಸಿಕೊಂಡೇ ಬೈದಳು. "ಥೂ, ದಡ್ಡ! ಒಂದೇ ಗಂಟೆ ಉಳಿದ ಗುಟ್ಟಿಗೆ ಸಾವಿರದ ನೂರಾ ಎಂಬತ್ತು ಕೊಟ್ಯಲ್ಲೋ! ನಡಿ, ಆ ಪೊಲೀಸ್ ಹುಡುಗೀನ ಹುಡುಕೋಣ."

"ಸಹಿ ಹಾಕಾಯ್ತು" ಎಂದ ಯಲ್ಮರಿ.

"ನಾನು ಕಟ್ತೀನಿ. ನನ್ನ ಕಾರು, ನನ್ನ ಅವಸರ" ಎಂದ ಎನ್ಸಿಯೊ.

"ಬೇಡಪ್ಪ. ಅದು ನನ್ನ ಅಳತೆಗೆ ಹೊಲಿದದ್ದು. ನಿನಗೆ ಬಿಗಿಯಾಗಲ್ಲ."

ಅವನು ಪಾತ್ರೆಯನ್ನು ಎದೆಗವಚಿಕೊಂಡು ಹೊಸ್ತಿಲ ಬಳಿ ನಿಂತ. ಅದರ ಅಂಚಿಗೆ ಇನ್ನೂ ಬಟಾಣಿಯ ವಾಸನೆಯಿತ್ತು. ಸೈಮಿಯನ್ನು ಹೊರಗೆ ತರುವಾಗ ಅವನು ಟೊಪ್ಪಿಗೆ ತೆಗೆದು ತಲೆ ಬಾಗಿಸಿದ. ಕರ್ತನೇ, ಮೂವತ್ತೊಂದು ವರ್ಷದ ಗುರುವಾರಗಳಿಗಾಗಿ ನಿನಗೆ ಸ್ತೋತ್ರ. ಈಕೆ ನಮಗೆಲ್ಲ ಬೆಚ್ಚಗೆ ಬಡಿಸಿದವಳು. ನಿನ್ನ ಮನೆಯಲ್ಲಿ ಈಕೆಗೊಂದು ಬೆಚ್ಚನೆಯ ಮೂಲೆ ಕೊಡು. ಅವಳ ಆತ್ಮಕ್ಕೆ ಶಾಂತಿಯಿರಲಿ. ಆಮೆನ್.