ಕೌದಿ ಸುತ್ತಿದ ಚಹಾ, ಸಮುದ್ರದಡಿಯ ಪೈಪು

ಬಿಸಿ ಕಾಪಾಡುವುದೇ ಕಸುಬಾದವರ ಮನೆಯಲ್ಲಿ ಚಹಾ ಬಿಸಿಯಾಗಿರುತ್ತದೆಂದು ಯಾರಾದರೂ ನಂಬಿದ್ದರೆ ಕ್ಷಮಿಸಬೇಕು. ನನ್ನ ಚಹಾ ಯಾವತ್ತೂ ತಣ್ಣಗಾದ ಮೇಲೆಯೇ ಹೊಟ್ಟೆ ಸೇರುವುದು. ಕೆಲಸವೇನೋ ಕೇಳಲು ದೊಡ್ಡದು. ಸಮುದ್ರದ ತಳದಲ್ಲಿ ಎಣ್ಣೆ ಸಾಗಿಸುವ ಪೈಪುಗಳ ಹೊದಿಕೆ ಎಷ್ಟು ತಾಸು ಬಿಸಿ ಹಿಡಿದಿಡುತ್ತದೆಂದು ಪರೀಕ್ಷಿಸುತ್ತೇನೆ. ಪೈಪಿನ ತುಂಡಿಗೆ ಬಿಸಿ ಎಣ್ಣೆ ತುಂಬಿ, ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಡಿಯಾರ ನೋಡುತ್ತ ಕೂಡುವುದು. ಬೇಗ ಆರಿದರೆ ಎಣ್ಣೆ ಚಳಿಗಾಲದ ತುಪ್ಪದಂತೆ ಹೆಪ್ಪುಗಟ್ಟಿ ಪೈಪು ಕಟ್ಟಿಕೊಳ್ಳುತ್ತದೆ. "ನಿಮ್ಮ ಮಗಳು ಏನ್ ಕೆಲ್ಸ ಮಾಡ್ತಾಳ್ರಿ?" ಎಂದು ಊರಲ್ಲಿ ಕೇಳಿದರೆ ಅವ್ವ, "ಪೈಪಿಗಿ ಕೌದಿ ಹೊಚ್ತಾಳ್ರಿ" ಎಂದುಬಿಡುತ್ತಾಳೆ. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬಂದಿಲ್ಲ.

ಕೌದಿಯ ಪಾಠವಾಗಿದ್ದು ನಮ್ಮೂರು ದೋರನಹಳ್ಳಿಯಲ್ಲಿ. ಹೊಲಗಳಿಗೆ ಕೆನಾಲ್ ನೀರು ಹೊಸದಾಗಿ ಬಂದ ಕಾಲ. ಅಪ್ಪ ಕೆನಾಲಿನ ಗೇಟು ಕಾಯುತ್ತಿದ್ದ. ನಾನು ಶಾಲೆ ಬಿಟ್ಟು ಬಂದೊಡನೆ ಅವ್ವ ಡಬ್ಬಿಗೆ ಚಹಾ ಸುರಿದು, ಹಳೆ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿಯ ತುಂಡನ್ನು ಬಿಗಿಯಾಗಿ ಸುತ್ತಿ ಕೈಗಿಡುತ್ತಿದ್ದಳು. "ನಡುವ ಬಿಚ್ಚಬ್ಯಾಡ, ಸೀದಾ ಹೋಗು." ಹಾಗೆಂದರೆ ಕೇಳುವ ಪೈಕಿಯೇ ನಾನು? ಚಹಾ ಆರಿತೇನೋ ಎಂಬ ಚಿಂತೆಗೆ ಜಾಲಿ ಗಿಡದ ಹತ್ತಿರ ಒಮ್ಮೆ, ಸೇತುವೆಯ ಮೇಲೊಮ್ಮೆ ಕೌದಿ ಬಿಚ್ಚಿ, ಮುಚ್ಚಳ ತೆಗೆದು, ಬೆರಳದ್ದಿ ನೋಡುತ್ತಿದ್ದೆ. ಅಪ್ಪ ಒಂದು ಗುಟುಕು ಕುಡಿದು, "ಭಾರಿ ಬಿಸಿ ಅದ ನೋಡವ್ವಾ, ನಾಲಿಗಿ ಸುಟ್ತು!" ಎನ್ನುತ್ತಿದ್ದ. ನಾನು ಉಬ್ಬಿಹೋಗುತ್ತಿದ್ದೆ.

ಕಳೆದ ವಾರ ಒಂದು ಪೈಪು ಫೇಲಾಯಿತು. ಹೊದಿಕೆ ಮಾಡಿದವರ ವರ್ಷದ ದುಡಿಮೆ ನೀರುಪಾಲಾಗುವುದರಲ್ಲಿತ್ತು. ಬಿಚ್ಚಿ ನೋಡಿದರೆ ತಪ್ಪು ನನ್ನದೇ. ಎಲ್ಲೆಲ್ಲಿ ಎಷ್ಟೆಷ್ಟು ಬಿಸಿಯಿದೆಯೆಂದು ತಿಳಿಯುವ ಚಪಲಕ್ಕೆ ಹೊದಿಕೆಯ ತುಂಬ ತೂತು ಕೊರೆದು ಅಳತೆಯ ತಂತಿ ತೂರಿಸಿದ್ದೆ. ಬಿಸಿಯೆಲ್ಲ ಆ ತೂತುಗಳಿಂದಲೇ ಸೋರಿತ್ತು. ತಪ್ಪೊಪ್ಪಿಕೊಂಡು, ಮತ್ತೊಮ್ಮೆ ಪರೀಕ್ಷಿಸಲು ಅನುಮತಿ ಪಡೆದು, ಸಮಾಧಾನಕ್ಕೆಂದು ಅಪ್ಪನಿಗೆ ಫೋನ್ ಮಾಡಿದೆ. "ಈ ಪೈಪಿನ ಹೊದಿಕಿಗಿಂತ ಅವ್ವನ ಕೌದಿನೇ ಪಾಡಿತ್ತಪ್ಪಾ. ನಾ ಎಷ್ಟ್ ಸಲ ಬಿಚ್ಚಿದ್ರೂ ಚಾ ನಾಲಿಗಿ ಸುಡ್ತಿತ್ತು."

ಅಪ್ಪ ನಕ್ಕ. "ಎಲ್ಲಿ ಸುಡ್ತಿತ್ತವ್ವಾ! ಕೆನಾಲ್ ನೀರಿನಂಗ ತಣ್ಣಗಿರ್ತಿತ್ತು. ಖರೇ ಹೇಳಿದ್ರ ನೀ ಮರುದಿನ ಬರ್ತಿದ್ದೇನು?"

ಮರುದಿನ ಹೊದಿಕೆಗೆ ತೂತು ಕೊರೆಯದೆ ಹೊಸ ತುಂಡನ್ನು ತೊಟ್ಟಿಗಿಳಿಸಿ ತಾಸುಗಟ್ಟಲೆ ಕೈಕಟ್ಟಿ ಕೂತೆ. ಪೈಪು ಪಾಸಾಯಿತು. ಆದರೆ ನನ್ನ ಬದುಕಿನ ಮೊದಲ ಪರೀಕ್ಷೆಗೆ ಅಪ್ಪ ಕೊಟ್ಟ ವರದಿಯೇ ಸುಳ್ಳು, ಅದನ್ನು ನಂಬಿಯೇ ನಾನು ಈ ಕಸುಬಿಗೆ ಬಿದ್ದವಳು. ಮೇಜಿನ ಮೇಲಿನ ಚಹಾ ಆಗಲೇ ಆರಿತ್ತು. "ಭಾರಿ ಬಿಸಿ ಅದ" ಎಂದುಕೊಂಡು ಕುಡಿದೆ.